ಬಸ್ಸು ಕಾರ್ಮಿಕರ ಕಲಿಕೆ ಮತ್ತು ಕಾರ್ಮಿಕ ಸಂಘಗಳು: ಬ್ರಿಟನ್ನಿನ ಅನುಭವ

ವಯಸ್ಕರ ಶಿಕ್ಷಣಕ್ಕಾಗಿ ಮಾಡುವ ಏರ್ಪಾಡುಗಳೆಲ್ಲವೂ ಒಂದು ಮಾತನ್ನು ಬಾಯಿಬಿಟ್ಟು ಹೇಳದೆಯೇ ಒಪ್ಪಿಕೊಂಡಿರುತ್ತವೆ. ಕಲಿಯುವವನು ವಾರದ ಇಂಥ ದಿನ, ಇಂಥ ಹೊತ್ತಿಗೆ, ಇಂಥ ಸ್ಥಳದಲ್ಲಿ ಬಂದು ಕುಳಿತುಕೊಳ್ಳಬಲ್ಲನೆಂಬುದೇ ಆ ಮಾತು. ರಾತ್ರಿ ಶಾಲೆ, ಸಂಜೆ ಕಾಲೇಜು, ರಜಾಕಾಲದ ಉಪನ್ಯಾಸಮಾಲೆ ಇವೆಲ್ಲ ಈ ನಂಬಿಕೆಯ ಮೇಲೆಯೇ ನಿಂತಿವೆ. ಗಿರಣಿಯ ಕಾರ್ಮಿಕನ ಮಟ್ಟಿಗೆ, ಕಚೇರಿಯ ಗುಮಾಸ್ತನ ಮಟ್ಟಿಗೆ ಇದು ಬಹುಪಾಲು ನಿಜ. ಬಸ್ಸು ನಡೆಸುವವನ ಮಟ್ಟಿಗೆ ಇದು ಎಂದೂ ನಿಜವಾಗಿರಲಿಲ್ಲ. ಅವನು ಈ ವಾರ ನಸುಕಿನಲ್ಲಿ ಮೊದಲ ಬಸ್ಸನ್ನು ಹೊರಡಿಸಿದರೆ ಮುಂದಿನ ವಾರ ಕೊನೆಯ ಬಸ್ಸನ್ನು ಒಳಗೆ ತಂದು ನಿಲ್ಲಿಸುತ್ತಾನೆ. ಆರು ವಾರಗಳ ಪಾಠಕ್ರಮಕ್ಕೆ ಹೆಸರು ಕೊಟ್ಟರೆ ಅವುಗಳಲ್ಲಿ ಮೂರಕ್ಕೆ ಮಾತ್ರ ಹಾಜರಾಗಬಲ್ಲನು. ಉಳಿದ ಮೂರರಲ್ಲಿ ಅಧ್ಯಾಪಕರು ಅವನನ್ನು ಶ್ರದ್ಧೆಯಿಲ್ಲದವನೆಂದು ಗುರುತು ಹಾಕಿಕೊಂಡಿರುತ್ತಾರೆ.

ಇಂಥ ಕಾರ್ಮಿಕರಿಗೆ ಕಲಿಕೆಯನ್ನು ಮುಟ್ಟಿಸುವ ಬಗೆ ಯಾವುದು? ಈ ಪ್ರಶ್ನೆಗೆ ಬ್ರಿಟನ್ನಿನಲ್ಲಿ ಕಳೆದ ಕಾಲು ಶತಮಾನದಲ್ಲಿ ದೊರೆತ ಉತ್ತರವನ್ನು ಈ ಲೇಖನದಲ್ಲಿ ಪರಿಶೀಲಿಸುತ್ತೇವೆ. ಆ ಉತ್ತರದ ಸಾರ ಸರಳವಾಗಿದೆ: ಶಾಲೆಯು ಡಿಪೋದೊಳಕ್ಕೆ ಬರಬೇಕು, ಮತ್ತು ಅದನ್ನು ಕರೆದುಕೊಂಡು ಬರುವವನು ಆ ಡಿಪೋದಲ್ಲಿಯೇ ದುಡಿಯುವ, ಸಂಗಾತಿಗಳ ವಿಶ್ವಾಸವನ್ನು ಗಳಿಸಿದ, ಕಾರ್ಮಿಕ ಸಂಘದ ಸದಸ್ಯನಾಗಿರಬೇಕು. ಮೊದಲನೆಯ ಮಾತನ್ನು ಯಾರಾದರೂ ಊಹಿಸಬಹುದು. ಎರಡನೆಯದು ಏಕೆ ಅಗತ್ಯವಾಯಿತೆಂಬುದಕ್ಕೆ ಸ್ವಲ್ಪ ವಿವರಣೆ ಬೇಕು.

ಬಸ್ಸಿನ ಕೆಲಸಕ್ಕೆ ಓದುಬರಹದ ಹಂಗೇನು ಎಂದು ಕೇಳುವವರುಂಟು. ಎರಡು ಮಹಡಿಯ ಕೆಂಪು ಬಸ್ಸುಗಳ ಹಿಂದಿನ ದಿನಗಳಲ್ಲಿ ಈ ಪ್ರಶ್ನೆಗೆ ಸ್ವಲ್ಪ ಅರ್ಥವಿತ್ತು. ಮುಂದಿನ ಗೂಡಿನಲ್ಲಿ ಚಾಲಕನಿರುತ್ತಿದ್ದನು. ಪ್ರಯಾಣಿಕರು, ದುಡ್ಡು, ಚೀಟಿ, ಲೆಕ್ಕ, ಜಗಳ ಇವೆಲ್ಲವೂ ಹಿಂದಿದ್ದ ನಿರ್ವಾಹಕನ ಪಾಲಿಗೆ ಸೇರುತ್ತಿದ್ದವು. 1960ರ ದಶಕದ ಕೊನೆಯಿಂದ ಒಬ್ಬನೇ ನಡೆಸುವ ಬಸ್ಸುಗಳು ಹೆಚ್ಚುತ್ತ ಬಂದವು. ಲಂಡನ್ನಿನಲ್ಲಿ ಹಿಂಬದಿಯ ತೆರೆದ ಬಾಗಿಲಿನ ಹಳೆಯ ಬಸ್ಸುಗಳ ದೈನಂದಿನ ಸಂಚಾರ 2005ರ ಡಿಸೆಂಬರ್ 9ರಂದು 159ನೆಯ ಮಾರ್ಗದಲ್ಲಿ ಮುಕ್ತಾಯವಾಯಿತು. ನಿರ್ವಾಹಕನು ಇಳಿದು ಹೋದನು, ಆದರೆ ಅವನ ಕಾಗದಪತ್ರಗಳು ಬಸ್ಸಿನಲ್ಲಿಯೇ ಉಳಿದವು. ಅವು ಚಾಲಕನ ಮಡಿಲಿಗೆ ಬಿದ್ದವು. ಹೊರಡುವ ಮುನ್ನ ಬಸ್ಸಿನ ಸುತ್ತ ತಿರುಗಿ ನೋಡಿ ಕಂಡ ದೋಷವನ್ನು ಬರೆದುಕೊಡಬೇಕು. ಮಾರ್ಗ ಬದಲಾವಣೆಯ ಸೂಚನೆಯನ್ನು ಫಲಕದ ಮೇಲೆ ಓದಿಕೊಳ್ಳಬೇಕು. ಸಣ್ಣ ಅಪಘಾತವಾದರೆ ಏನಾಯಿತು, ಎಲ್ಲಿ, ಯಾವ ದಿಕ್ಕಿನಿಂದ ಎಂಬುದನ್ನು ಅದೇ ದಿನ ತನ್ನ ಕೈಯಾರೆ ವರದಿ ಮಾಡಬೇಕು. ಈ ಕೊನೆಯದು ಎಲ್ಲಕ್ಕಿಂತ ಕಠಿಣ. ಮುಂದೆ ವಿಚಾರಣೆಯಾದಾಗ ಅವನ ಉದ್ಯೋಗ ನಿಲ್ಲುವುದು ಅಥವಾ ಬೀಳುವುದು ಆ ಅರ್ಧ ಪುಟದ ಬರಹದ ಮೇಲೆ.

ಬರೆಯಲು ಬಾರದವನು ಇಂಥ ಹೊತ್ತಿನಲ್ಲಿ ಏನು ಮಾಡುತ್ತಾನೆ? ಕನ್ನಡಕ ಮರೆತೆನೆನ್ನುತ್ತಾನೆ, ಮನೆಗೆ ಒಯ್ದು ಹೆಂಡತಿಯ ಕೈಯಿಂದ ಬರೆಸುತ್ತಾನೆ, ಕೈ ನೋಯುತ್ತಿದೆಯೆಂದು ಗೆಳೆಯನಿಗೆ ಹೇಳುತ್ತಾನೆ. ಮೇಲ್ವಿಚಾರಕನ ಹುದ್ದೆಗೆ ಅರ್ಜಿ ಹಾಕಲು ಮಾತ್ರ ಎಂದೂ ಮುಂದೆ ಬರುವುದಿಲ್ಲ. ಇದು ಅಪರೂಪದ ಸ್ಥಿತಿಯೆಂದು ಓದುಗರು ಭಾವಿಸಬಾರದು. ಸರ್ ಕ್ಲಾಸ್ ಮೋಸರ್ ಅವರ ಅಧ್ಯಕ್ಷತೆಯ ಸಮಿತಿ 1999ರಲ್ಲಿ ಸಲ್ಲಿಸಿದ ವರದಿಯ ಪ್ರಕಾರ ಇಂಗ್ಲೆಂಡಿನ ವಯಸ್ಕರಲ್ಲಿ ಐವರಿಗೆ ಒಬ್ಬರಂತೆ, ಎಂದರೆ ಸುಮಾರು 70 ಲಕ್ಷ ಜನರಿಗೆ, ದಿನಬಳಕೆಗೆ ಬೇಕಾಗುವಷ್ಟು ಓದುಬರಹವಿರಲಿಲ್ಲ. ವ್ಯಾಪಾರಿಗಳ ದೂರವಾಣಿ ಕೈಪಿಡಿಯ ಅಕಾರಾದಿಯನ್ನು ಕೈಗೆ ಕೊಟ್ಟು, ಕೊಳಾಯಿ ರಿಪೇರಿ ಮಾಡುವವರು ಯಾವ ಪುಟದಲ್ಲಿದ್ದಾರೆಂದು ಕೇಳಿದರೆ ಇಷ್ಟು ಜನ ಹುಡುಕಲಾರದೆ ಹೋಗುತ್ತಿದ್ದರು. ನೂರು ವರ್ಷಗಳಿಗೂ ಮಿಕ್ಕಿ ಕಡ್ಡಾಯ ಶಿಕ್ಷಣ ನಡೆದಿದ್ದ ದೇಶದ ಮಾತಿದು.

ಇಲ್ಲಿಯೇ ಸಂಘದ ಪಾತ್ರ ಆರಂಭವಾಗುತ್ತದೆ. ತನಗೆ ಸರಿಯಾಗಿ ಓದಲು ಬಾರದೆಂಬುದನ್ನು ಇಪ್ಪತ್ತು ವರ್ಷ ಮುಚ್ಚಿಟ್ಟುಕೊಂಡು ಬಂದವನು ಅದನ್ನು ಯಾರಲ್ಲಿ ಹೇಳಿಕೊಂಡಾನು? ಡಿಪೋ ವ್ಯವಸ್ಥಾಪಕರಲ್ಲಿ ಹೇಳಿಕೊಂಡರೆ ನಾಳೆ ಅದು ಅವನ ಕಡತದಲ್ಲಿ ಸೇರಬಹುದು. ಕೆಲಸಕ್ಕೆ ಸೇರುವಾಗ ಅರ್ಜಿಯನ್ನು ಯಾರು ತುಂಬಿದರೆಂಬ ಪ್ರಶ್ನೆಯೂ ಏಳಬಹುದು. ಕಾಲೇಜಿನ ಬಾಗಿಲು ತಟ್ಟಲು ಅವನಿಗೆ ಧೈರ್ಯವಿಲ್ಲ, ಏಕೆಂದರೆ ಅವನು ಬಾಲ್ಯದಲ್ಲಿ ಸೋತದ್ದು ಅಂಥದೇ ಕಟ್ಟಡದಲ್ಲಿ. ಉಳಿಯುವವನು ಚಹಾದ ಮೇಜಿನ ಎದುರು ಕುಳಿತ ಸಹೋದ್ಯೋಗಿ. ವಿಚಾರಣೆಯ ದಿನ ತನ್ನ ಪಕ್ಕದಲ್ಲಿ ನಿಂತು ಮಾತನಾಡಿದ ಸಂಘದವನಾದರೆ ಇನ್ನೂ ಒಳ್ಳೆಯದು. ಶಿಕ್ಷಣಶಾಸ್ತ್ರದ ಪುಸ್ತಕಗಳಲ್ಲಿ ಪ್ರೇರಣೆಯೆಂಬ ಮಾತಿಗೆ ಅನೇಕ ಅಧ್ಯಾಯಗಳಿವೆ. ಗುಟ್ಟು ಕಾಯುವವನೊಬ್ಬನು ಬೇಕೆಂಬ ಮಾತು ಅವುಗಳಲ್ಲಿ ನಮ್ಮ ಕಣ್ಣಿಗೆ ಅಷ್ಟಾಗಿ ಬಿದ್ದಿಲ್ಲ.

ಬ್ರಿಟನ್ನಿನಲ್ಲಿ ಕಾರ್ಮಿಕರ ಶಿಕ್ಷಣಕ್ಕೆ ದೀರ್ಘ ಪರಂಪರೆಯಿದೆ. ಆಕ್ಸ್‌ಫರ್ಡಿನ ರಸ್ಕಿನ್ ಕಾಲೇಜು 1899ರಲ್ಲಿಯೂ, ಆಲ್ಬರ್ಟ್ ಮ್ಯಾನ್ಸ್‌ಬ್ರಿಜ್ ಅವರ ಪ್ರಯತ್ನದಿಂದ ಕಾರ್ಮಿಕರ ಶಿಕ್ಷಣ ಸಂಘವು 1903ರಲ್ಲಿಯೂ ಸ್ಥಾಪನೆಯಾದುವು. ಬಸ್ಸು ಕಾರ್ಮಿಕರ ಮುಖ್ಯ ಸಂಘವಾದ ಸಾರಿಗೆ ಮತ್ತು ಸಾಮಾನ್ಯ ಕಾರ್ಮಿಕರ ಸಂಘ 1922ರಲ್ಲಿ ಅರ್ನೆಸ್ಟ್ ಬೆವಿನ್ನರ ನಾಯಕತ್ವದಲ್ಲಿ ರೂಪುಗೊಂಡಿತು. 2007ರಲ್ಲಿ ಅದು ಮತ್ತೊಂದು ಸಂಘದೊಡನೆ ಕೂಡಿ ಯುನೈಟ್ ಎಂಬ ಹೆಸರನ್ನು ಪಡೆಯಿತು. ಆದರೆ ಹಳೆಯ ಪರಂಪರೆ ಅರಸಿದುದು ಮುಖ್ಯವಾಗಿ ಪ್ರತಿಭಾವಂತ ಕಾರ್ಮಿಕನನ್ನು. ಅವನಿಗೆ ಅರ್ಥಶಾಸ್ತ್ರ, ಇತಿಹಾಸಗಳನ್ನು ಬೋಧಿಸಿ ಮುಂದಾಳನ್ನಾಗಿ ಮಾಡುವುದು ಅದರ ಗುರಿಯಾಗಿದ್ದಿತು. ಅಪಘಾತದ ವರದಿ ಬರೆಯಲಾರದವನು ಆ ಬಲೆಯ ಕಣ್ಣುಗಳಿಂದ ಜಾರಿಹೋದನು.

ಹೊಸ ವ್ಯವಸ್ಥೆ ಎರಡು ಹೆಜ್ಜೆಗಳಲ್ಲಿ ಬಂದಿತು. 1998ರಲ್ಲಿ ಸರ್ಕಾರವು ಸಂಘಗಳ ಕಲಿಕಾ ನಿಧಿಯನ್ನು ಏರ್ಪಡಿಸಿ, ಕೆಲಸದ ಸ್ಥಳದಲ್ಲಿ ಕಲಿಕೆಯನ್ನು ಬೆಳೆಸಲು ಸಂಘಗಳಿಗೇ ಹಣ ಕೊಡತೊಡಗಿತು. 2002ರ ಉದ್ಯೋಗ ಕಾಯಿದೆಯು ಸಂಘದ ಕಲಿಕಾ ಪ್ರತಿನಿಧಿ ಎಂಬ ಸ್ಥಾನಕ್ಕೆ ಕಾನೂನಿನ ಮಾನ್ಯತೆ ನೀಡಿತು; ಈ ಭಾಗ 2003ರ ಏಪ್ರಿಲ್ ತಿಂಗಳಲ್ಲಿ ಜಾರಿಗೆ ಬಂದಿತು. ಅದರ ಪ್ರಕಾರ, ಮಾಲೀಕರು ಮಾನ್ಯ ಮಾಡಿರುವ ಸಂಘವು ತನ್ನ ಸದಸ್ಯರಲ್ಲೊಬ್ಬನನ್ನು ಪ್ರತಿನಿಧಿಯೆಂದು ಲಿಖಿತವಾಗಿ ತಿಳಿಸಿದರೆ, ಅವನಿಗೆ ಸಂಬಳಸಹಿತವಾಗಿ ಯುಕ್ತವಾದಷ್ಟು ಬಿಡುವು ಕೊಡಬೇಕು. ಸಂಗಾತಿಗಳ ಕಲಿಕೆಯ ಅಗತ್ಯಗಳನ್ನು ಅರಿಯುವುದು, ಮಾಹಿತಿ ಮತ್ತು ಸಲಹೆ ಕೊಡುವುದು, ಕಲಿಕೆಗೆ ಏರ್ಪಾಡು ಮಾಡುವುದು, ಈ ವಿಷಯದಲ್ಲಿ ಮಾಲೀಕರೊಡನೆ ಸಮಾಲೋಚಿಸುವುದು ಇವು ಅವನ ಕರ್ತವ್ಯಗಳು. ಪ್ರತಿನಿಧಿಯು ಸಾಕಷ್ಟು ತರಬೇತಿ ಪಡೆದಿರಬೇಕು, ಇಲ್ಲವೇ ಆರು ತಿಂಗಳೊಳಗಾಗಿ ಪಡೆಯಬೇಕು. ಅವನು ಅಧ್ಯಾಪಕನಲ್ಲ, ಪಾಠ ಹೇಳುವುದು ಅವನ ಕೆಲಸವೂ ಅಲ್ಲ. ಅವನನ್ನು ದಾರಿ ತೋರುವವನೆನ್ನಬಹುದು. ಇನ್ನೂ ಸರಿಯಾಗಿ ಹೇಳುವುದಾದರೆ, ಬಾಗಿಲವರೆಗೆ ಜೊತೆಯಲ್ಲಿ ನಡೆದು ಬರುವವನು.

ಈಗ ಡಿಪೋದ ಒಳಕ್ಕೆ ಬರೋಣ. ಬ್ರಿಟನ್ನಿನ ಸ್ಥಳೀಯ ಬಸ್ಸುಗಳಿಗೆ ಅನ್ವಯಿಸುವ ನಿಯಮಗಳಂತೆ ಚಾಲಕನು ದಿನಕ್ಕೆ 10 ಗಂಟೆಗಿಂತ ಹೆಚ್ಚು ಬಸ್ಸು ನಡೆಸುವಂತಿಲ್ಲ. ಐದೂವರೆ ಗಂಟೆ ನಡೆಸಿದ ಮೇಲೆ ಕನಿಷ್ಠ 30 ನಿಮಿಷ ವಿರಾಮ ಬೇಕು. ಆದರೆ ಕೆಲಸದ ಆರಂಭದಿಂದ ಮುಕ್ತಾಯದವರೆಗಿನ ಅವಧಿ 16 ಗಂಟೆಗಳವರೆಗೂ ಚಾಚಬಹುದು. ಈ ಅಂಕಿಗಳ ನಡುವಿನ ಅಂತರವನ್ನು ಗಮನಿಸಬೇಕು. ನಗರದಲ್ಲಿ ಬಸ್ಸುಗಳಿಗೆ ಬೇಡಿಕೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಏರುತ್ತದೆ. ಎರಡನ್ನೂ ಒಬ್ಬನೇ ಚಾಲಕನಿಂದ ಪೂರೈಸಬೇಕಾದರೆ ಅವನ ಪಾಳಿಯನ್ನು ಎರಡಾಗಿ ಒಡೆಯಬೇಕು. ಬೆಳಿಗ್ಗೆ ಮೂರು ನಾಲ್ಕು ಗಂಟೆ ದುಡಿದವನು ಮಧ್ಯಾಹ್ನ ಸುಮ್ಮನಿದ್ದು ಸಂಜೆ ಮತ್ತೆ ಚಕ್ರ ಹಿಡಿಯುತ್ತಾನೆ. ಮನೆ ಹತ್ತಿರವಿದ್ದರೆ ಹೋಗಿ ಬರುತ್ತಾನೆ. ದೂರವಿದ್ದರೆ ಉಪಾಹಾರದ ಕೋಣೆಯಲ್ಲಿ ಇಸ್ಪೀಟು, ಬಿಲಿಯರ್ಡ್ಸು, ತೂಕಡಿಕೆ. ಒಡೆದ ಪಾಳಿಯನ್ನು ಬಸ್ಸು ಕಾರ್ಮಿಕರು ಎಂದೂ ಇಷ್ಟಪಟ್ಟವರಲ್ಲ. ಸಂಘಗಳು ಅದರ ವಿರುದ್ಧ ಬಹುಕಾಲದಿಂದ ವಾದಿಸುತ್ತ ಬಂದಿವೆ. ಆದರೂ ಕಲಿಕೆಗೆ ಜಾಗ ಸಿಕ್ಕಿದುದು ಈ ಬಿರುಕಿನಲ್ಲಿಯೇ.

ಡಿಪೋದ ಮೂಲೆಯಲ್ಲಿ ಬಳಕೆ ತಪ್ಪಿದ ಒಂದು ಕೊಠಡಿಯನ್ನು ಬಿಡಿಸಿಕೊಂಡು, ನಾಲ್ಕಾರು ಗಣಕಯಂತ್ರಗಳನ್ನಿಟ್ಟು, ವಾರದಲ್ಲಿ ಕೆಲವು ಹೊತ್ತು ಕಾಲೇಜಿನ ಅಧ್ಯಾಪಕರೊಬ್ಬರು ಬಂದು ಕುಳಿತುಕೊಳ್ಳುವಂತೆ ಮಾಡುವುದು ಹೊಸ ಏರ್ಪಾಡಿನ ಸಾಮಾನ್ಯ ರೂಪ. ಇಲ್ಲಿ ತರಗತಿಯೆಂಬುದು ಇಲ್ಲ. ಬಂದವನು ತಾನು ಬಿಟ್ಟಲ್ಲಿಂದ ಮುಂದುವರಿಸುತ್ತಾನೆ. ಹದಿನೈದು ದಿನ ಬಾರದಿದ್ದರೆ ಯಾರೂ ಹಾಜರಿ ಹಿಡಿಯುವುದಿಲ್ಲ. ಒಂದೇ ಪಾಠವನ್ನು ಬೆಳಿಗ್ಗೆಯ ಪಾಳಿಗೊಮ್ಮೆ, ಸಂಜೆಯ ಪಾಳಿಗೊಮ್ಮೆ ಎರಡು ಸಲ ಹೇಳುವ ಪದ್ಧತಿಯೂ ಉಂಟು. ಆಗ ಪಾಳಿ ಬದಲಾದರೂ ಪಾಠ ತಪ್ಪುವುದಿಲ್ಲ. ಇದು ಸಣ್ಣ ಉಪಾಯವೆಂದು ತೋರಬಹುದು. ಆದರೆ ವಯಸ್ಕರ ಶಿಕ್ಷಣದ ಯೋಜನೆಗಳು ಮುರಿದು ಬೀಳುವುದು ಇಂಥ ಸಣ್ಣ ಉಪಾಯಗಳ ಅಭಾವದಿಂದಲೇ ಎಂದು ನಾವು ತಿಳಿದಿದ್ದೇವೆ.

ಓದುಬರಹ ಕಲಿಸುತ್ತೇವೆ ಬನ್ನಿ ಎಂದು ಫಲಕ ಹಾಕಿದರೆ ಯಾರೂ ಬರುವುದಿಲ್ಲ. ಗಣಕಯಂತ್ರ ಕಲಿಯೋಣ ಬನ್ನಿ ಎಂದರೆ ಎಲ್ಲರೂ ಬರುತ್ತಾರೆ, ಏಕೆಂದರೆ ಅದನ್ನು ಅರಿಯದಿರುವುದು ಆ ಕಾಲದಲ್ಲಿ ಯಾರಿಗೂ ನಾಚಿಕೆಯ ವಿಷಯವಾಗಿರಲಿಲ್ಲ. ಕೀಲಿಮಣೆಯ ಮುಂದೆ ಕುಳಿತವನಿಗೆ ಕಾಗುಣಿತದ ತೊಡಕು ತಾನಾಗಿಯೇ ಎದುರಾಗುತ್ತದೆ. ಆಗ ಪ್ರತಿನಿಧಿಯು ಮೆಲ್ಲನೆ ಮಾತು ತೆಗೆಯುತ್ತಾನೆ. ಮೊಮ್ಮಗಳಿಗೆ ಕಥೆ ಓದಿ ಹೇಳಬೇಕೆಂಬ ಆಸೆ, ಊರಿಗೆ ಪತ್ರ ಬರೆಯಬೇಕೆಂಬ ಆಸೆ ಇಂಥವೇ ಅನೇಕ ವೇಳೆ ಮೊದಲು ಹೊರಬೀಳುವುವು. ಉದ್ಯೋಗದ ಮಾತು ಆಮೇಲೆ.

ಇಲ್ಲಿಯೇ ಒಂದು ವಿವಾದವೂ ಇದೆ. ಬಸ್ಸಿನ ಕೆಲಸಕ್ಕೆ ಸಂಬಂಧಪಡದ ಕಲಿಕೆಗೆ ಮಾಲೀಕನೇಕೆ ನೆರವಾಗಬೇಕು? ಇದಕ್ಕೆ ಉತ್ತರವಾಗಿ ಫೋರ್ಡ್ ಮೋಟಾರು ಕಂಪನಿಯ ಬ್ರಿಟಿಷ್ ಶಾಖೆಯಲ್ಲಿ ಸಂಘಗಳು 1987ರಲ್ಲಿ ಮಾಡಿಕೊಂಡ ಒಪ್ಪಂದವನ್ನು ಸಾಮಾನ್ಯವಾಗಿ ಉದಾಹರಿಸುತ್ತಾರೆ. ಅದರ ಮೇರೆಗೆ ಪ್ರತಿಯೊಬ್ಬ ನೌಕರನೂ ತನ್ನ ಕೆಲಸಕ್ಕೆ ನೇರವಾಗಿ ಸಂಬಂಧಪಡದ ವಿಷಯವನ್ನು ಬಿಡುವಿನ ವೇಳೆಯಲ್ಲಿ ಕಲಿಯಲು ವರ್ಷಕ್ಕೆ 200 ಪೌಂಡುಗಳವರೆಗೆ ನೆರವು ಪಡೆಯಬಹುದಾಗಿತ್ತು. ಏನನ್ನಾದರೂ ಕಲಿಯುವ ಅಭ್ಯಾಸವುಳ್ಳವನು ಬೇಕಾದುದನ್ನು ಕಲಿಯಬಲ್ಲನೆಂಬುದು ಅದರ ಹಿಂದಿನ ತರ್ಕ. ನಮಗೂ ಇದು ಸರಿಯೆಂದೇ ತೋರುತ್ತದೆ; ಆದರೆ ಮೋಟಾರು ಕಾರ್ಖಾನೆಗೆ ಎಟುಕಿದುದು ಬಸ್ಸು ಕಂಪನಿಗೂ ಎಟುಕುವುದೆಂದು ಹೇಳುವುದು ಕಷ್ಟ. ಅದರ ಕಾರಣವನ್ನು ಮುಂದೆ ನೋಡೋಣ.

ಕಾನೂನು ಪ್ರತಿನಿಧಿಗೆ ಸಂಬಳಸಹಿತ ಬಿಡುವನ್ನು ಕೊಟ್ಟಿತು. ಆದರೆ ಕಲಿಯಲು ಬರುವ ಸದಸ್ಯನಿಗೆ ಅದು ಕೊಟ್ಟುದು ಪ್ರತಿನಿಧಿಯನ್ನು ಕಾಣಲು ಬಿಡುವು ಪಡೆಯುವ ಹಕ್ಕನ್ನು ಮಾತ್ರ. ಆ ಹೊತ್ತಿಗೆ ಸಂಬಳ ಕೊಡಬೇಕೆಂಬ ಕಡ್ಡಾಯವಿಲ್ಲ, ಕಲಿಯುವ ಗಂಟೆಗಳಿಗಂತೂ ಇಲ್ಲವೇ ಇಲ್ಲ. ದಾರಿ ತೋರುವವನಿಗೆ ಕೂಲಿಯುಂಟು, ನಡೆಯುವವನಿಗೆ ಇಲ್ಲ. ಕಾರ್ಖಾನೆಯಲ್ಲಿ ಒಬ್ಬನು ಒಂದು ಗಂಟೆ ತಪ್ಪಿದರೆ ಪಕ್ಕದವರು ಸ್ವಲ್ಪಮಟ್ಟಿಗೆ ಸರಿದೂಗಿಸಿಕೊಳ್ಳಬಹುದು. ಬಸ್ಸು ಹಾಗಲ್ಲ. 8 ಗಂಟೆ 10 ನಿಮಿಷಕ್ಕೆ ಹೊರಡಬೇಕಾದ ಬಸ್ಸಿಗೆ ಒಬ್ಬ ಚಾಲಕ ಬೇಕು. ಅರ್ಧ ಚಾಲಕನಿಂದ ಅದು ಹೊರಡದು. ಕಲಿಯಲು ಹೋದವನ ಸ್ಥಾನಕ್ಕೆ ಮೀಸಲು ಚಾಲಕನೊಬ್ಬನನ್ನು ಸಂಬಳ ಕೊಟ್ಟು ಕೂರಿಸಬೇಕು.

ಹಾಗೆ ಕೂರಿಸುವ ಶಕ್ತಿ ಕಂಪನಿಗಳಿಗೆ ಎಷ್ಟಿತ್ತೆಂಬುದನ್ನು ತಿಳಿಯಬೇಕಾದರೆ 1985ರ ಸಾರಿಗೆ ಕಾಯಿದೆಯನ್ನು ನೆನೆಯಬೇಕು. ಅದರಂತೆ 1986ರ ಅಕ್ಟೋಬರ್ 26ರಿಂದ ಲಂಡನ್ನಿನ ಹೊರಗಿನ ಗ್ರೇಟ್ ಬ್ರಿಟನ್ನಿನಲ್ಲೆಲ್ಲ ಬಸ್ಸು ಸೇವೆಯನ್ನು ಮುಕ್ತ ಪೈಪೋಟಿಗೆ ಬಿಡಲಾಯಿತು. ರಾಷ್ಟ್ರೀಯ ಬಸ್ಸು ಕಂಪನಿಯನ್ನು ತುಂಡು ಮಾಡಿ ಖಾಸಗಿಯವರಿಗೆ ಮಾರಲಾಯಿತು. ಲಂಡನ್ನಿನಲ್ಲಿ ಮಾರ್ಗಗಳನ್ನು ಟೆಂಡರಿನ ಮೂಲಕ ಕೊಡುವ ಪದ್ಧತಿ ಬಂದಿತು, 1994ರಲ್ಲಿ ಸಾರ್ವಜನಿಕ ಕಂಪನಿಗಳು ಖಾಸಗಿಯವರ ಪಾಲಾದುವು. ಪೈಪೋಟಿಯ ಈ ವ್ಯವಸ್ಥೆಯಲ್ಲಿ ಖರ್ಚಿನ ದೊಡ್ಡ ಬಾಬು ಚಾಲಕರ ಸಂಬಳವೇ. ಆದುದರಿಂದ ಕಲಿಕೆಯ ಒಪ್ಪಂದಗಳಿಗಾಗಿ ಸಂಘಗಳು ಮಾತುಕತೆಗೆ ಕುಳಿತಾಗ ಕೊಠಡಿ, ವಿದ್ಯುತ್ತು, ಗಣಕಯಂತ್ರ ಇವು ಸುಲಭವಾಗಿ ದೊರೆತರೂ ಗಂಟೆಗಳು ಮಾತ್ರ ಸುಲಭವಾಗಿ ದೊರೆಯಲಿಲ್ಲ. ಒಂದು ಗಂಟೆಯನ್ನು ಕಾರ್ಮಿಕನೂ ಒಂದು ಗಂಟೆಯನ್ನು ಕಂಪನಿಯೂ ಕೊಡುವ ಸಮಪಾಲಿನ ಒಪ್ಪಂದ ಆದಲ್ಲಿ ಅದನ್ನೇ ಗೆಲುವೆಂದು ಭಾವಿಸಬೇಕಾಯಿತು.

ಈ ನಡುವೆ ಐರೋಪ್ಯ ಒಕ್ಕೂಟದ 2003ರ ನಿರ್ದೇಶನದಿಂದ ಮತ್ತೊಂದು ಬಗೆಯ ಕಲಿಕೆ ಬಂದಿತು. 2008ರ ಸೆಪ್ಟೆಂಬರಿನಿಂದ ವೃತ್ತಿನಿರತ ಬಸ್ಸು ಚಾಲಕರೆಲ್ಲರೂ ಐದು ವರ್ಷಗಳಿಗೊಮ್ಮೆ 35 ಗಂಟೆಗಳ ತರಬೇತಿ ಪಡೆಯಬೇಕೆಂದು ವಿಧಿಸಲಾಯಿತು. ಈ ಗಂಟೆಗಳಿಗೆ ಕೊನೆಯಲ್ಲಿ ಪರೀಕ್ಷೆಯಿಲ್ಲ, ಹಾಜರಿದ್ದರೆ ಸಾಕು. ಇಲ್ಲಿ ಕಡ್ಡಾಯವಿದೆ, ಕಾಲವಿದೆ, ಪ್ರಮಾಣಪತ್ರವಿದೆ. ಆದರೆ ಒಂದೇ ಪಾಠವನ್ನು ಐದು ಸಲ ಕೇಳಿಯೂ ಗಂಟೆಗಳನ್ನು ತುಂಬಬಹುದಾಗಿತ್ತೆಂಬ ಟೀಕೆಯೂ ಇದ್ದಿತು. ಓದಲಾರದವನು ಈ 35 ಗಂಟೆಗಳ ಕಾಲ ಹಿಂದಿನ ಸಾಲಿನಲ್ಲಿ ಕುಳಿತು ತನ್ನ ಗುಟ್ಟಿನೊಡನೆಯೇ ಎದ್ದು ಹೋಗಬಹುದು. ಪ್ರತಿನಿಧಿಯ ಚಹಾದ ಮೇಜಿನಿಂದ ಹಾಗೆ ಎದ್ದು ಹೋಗುವುದು ಅಷ್ಟು ಸುಲಭವಲ್ಲ.

ಸಂಘದ ಮೇಲಿನ ವಿಶ್ವಾಸವೇ ಈ ವ್ಯವಸ್ಥೆಯ ಆಧಾರವೆಂದು ಮೇಲೆ ಹೇಳಿದೆವು. ಆ ವಿಶ್ವಾಸ ತಾನಾಗಿಯೇ ಒದಗಿ ಬಂದುದಲ್ಲ ಎಂಬುದನ್ನೂ ಹೇಳದೆ ಬಿಡಲಾಗದು. ಯುದ್ಧಾನಂತರ ಬಸ್ಸುಗಳಿಗೆ ಜನ ಸಾಲದೆ ಲಂಡನ್ ಸಾರಿಗೆ ಸಂಸ್ಥೆ 1956ರಲ್ಲಿ ಬಾರ್ಬಡೋಸ್ ದ್ವೀಪಕ್ಕೇ ಹೋಗಿ ಕೆಲಸಗಾರರನ್ನು ಕರೆತಂದಿತು. ಬ್ರಿಸ್ಟಲ್ ನಗರದಲ್ಲಿಯಾದರೋ, ಕಪ್ಪು ಮತ್ತು ಏಷ್ಯದ ಜನರನ್ನು ಬಸ್ಸಿನ ಸಿಬ್ಬಂದಿಗೆ ಸೇರಿಸಕೂಡದೆಂದು ಸಾರಿಗೆ ಕಾರ್ಮಿಕರ ಸಂಘದ ಸ್ಥಳೀಯ ಶಾಖೆಯೇ 1955ರಲ್ಲಿ ನಿರ್ಣಯ ಮಾಡಿದ್ದಿತು. 1963ರ ಏಪ್ರಿಲ್ ಕೊನೆಯಿಂದ ಆಗಸ್ಟ್ 28ರವರೆಗೆ ಪಾಲ್ ಸ್ಟೀಫನ್ಸನ್ ಮೊದಲಾದವರ ಮುಂದಾಳುತನದಲ್ಲಿ ಆ ಊರಿನ ಬಸ್ಸುಗಳ ಬಹಿಷ್ಕಾರ ನಡೆದ ಮೇಲೆ ನಿಷೇಧ ಬಿದ್ದುಹೋಯಿತು. ಅನಂತರ ಸೆಪ್ಟೆಂಬರಿನಲ್ಲಿ ಅಲ್ಲಿ ನಿರ್ವಾಹಕನಾದ ಮೊದಲ ಬಿಳಿಯನಲ್ಲದ ವ್ಯಕ್ತಿ ರಘಬೀರ್ ಸಿಂಗ್ ಎಂಬ ಭಾರತೀಯ ಸಿಖ್ಖರು. ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಪೇಟ ಮತ್ತು ಗಡ್ಡಗಳಿಗಾಗಿ ಸಿಖ್ ಬಸ್ಸು ಕಾರ್ಮಿಕರು ನಡೆಸಿದ ಹೋರಾಟ 1969ರಲ್ಲಿ ಫಲಿಸಿತು. ಬ್ರಿಸ್ಟಲ್ಲಿನ ಆ ಹಳೆಯ ನಡತೆಗಾಗಿ ಯುನೈಟ್ ಸಂಘವು 2013ರಲ್ಲಿ ಕ್ಷಮೆ ಕೇಳಿತು.

ಬಾಗಿಲನ್ನು ಮುಚ್ಚಿ ನಿಂತಿದ್ದ ಸಂಘವೇ ನಲವತ್ತು ವರ್ಷಗಳ ಬಳಿಕ ಹೊರನಾಡುಗಳಿಂದ ಬಂದ ಚಾಲಕರಿಗೆ ಡಿಪೋದಲ್ಲಿ ಇಂಗ್ಲಿಷ್ ಪಾಠಗಳನ್ನು ಏರ್ಪಡಿಸಲು ಮುಂದಾಯಿತು. 2004ರಲ್ಲಿ ಐರೋಪ್ಯ ಒಕ್ಕೂಟ ವಿಸ್ತಾರವಾದ ಮೇಲೆ ಕಂಪನಿಗಳು ಪೋಲೆಂಡಿನಿಂದಲೂ ಚಾಲಕರನ್ನು ತಂದುವು. ಬಸ್ಸು ನಡೆಸುವುದರಲ್ಲಿ ಅವರು ನುರಿತವರೇ; ಸಿಟ್ಟಿಗೆದ್ದ ಪ್ರಯಾಣಿಕನಿಗೆ ಶಾಂತವಾಗಿ ಉತ್ತರ ಕೊಡುವಷ್ಟು ಇಂಗ್ಲಿಷು ಮಾತ್ರ ಬೇಕಾಗಿತ್ತು. ಅದು ಪಠ್ಯಪುಸ್ತಕದ ಇಂಗ್ಲಿಷ್ ಅಲ್ಲವೆಂಬುದನ್ನು ಡಿಪೋದವರೇ ಚೆನ್ನಾಗಿ ಬಲ್ಲರು.

2020ರ ಅಕ್ಟೋಬರಿನಲ್ಲಿ ಸರ್ಕಾರವು ಸಂಘಗಳ ಕಲಿಕಾ ನಿಧಿಯನ್ನು ನಿಲ್ಲಿಸುವುದಾಗಿ ತಿಳಿಸಿತು. 2021ರ ಮಾರ್ಚ್ ಕೊನೆಗೆ ಅದು ಮುಗಿಯಿತು. ಅದರ ಮೊತ್ತ ಆಗ ವರ್ಷಕ್ಕೆ ಸುಮಾರು 1 ಕೋಟಿ 20 ಲಕ್ಷ ಪೌಂಡು. ಸ್ಕಾಟ್‌ಲೆಂಡು ಮತ್ತು ವೇಲ್ಸ್‌ಗಳಿಗೆ ಪ್ರತ್ಯೇಕ ಏರ್ಪಾಡುಗಳಿದ್ದುದರಿಂದ ಏಟು ಬಿದ್ದುದು ಇಂಗ್ಲೆಂಡಿಗೆ. 2002ರ ಕಾಯಿದೆಯಾದರೋ ರದ್ದಾಗಲಿಲ್ಲ. ಹೀಗಾಗಿ ಪ್ರತಿನಿಧಿಯ ಹಕ್ಕು ಉಳಿದು, ಅವನ ಬೆನ್ನಿಗಿದ್ದ ಹಣ ಹೋಯಿತು. ಸರ್ಕಾರದ ಹಣದ ಮೇಲೆ ಸಂಘಗಳು ಇಷ್ಟು ಭಾರ ಹಾಕಿದುದು ವಿವೇಕವೇ ಎಂದು ಕೇಳುವವರಿಗೆ ಇದರಿಂದ ಬಲ ಬಂದಿದೆ. ನಮ್ಮ ಅಭಿಪ್ರಾಯದಲ್ಲಿ ಹಣಕ್ಕಿಂತ ಮೊದಲೇ ಗೆಲ್ಲಬೇಕಾಗಿದ್ದುದು ಕಲಿಯುವವನ ಸಂಬಳಸಹಿತ ಗಂಟೆಗಳನ್ನು. ಹಣ ಹರಿಯುತ್ತಿದ್ದ ದಿನಗಳಲ್ಲಿ ಈ ಕೊರತೆ ಕಣ್ಣಿಗೆ ಬೀಳದೆ ಹೋಯಿತು.

ನಮ್ಮ ದೇಶದಲ್ಲಿ ಇದಕ್ಕೆ ಸಮೀಪವಾದ ಪ್ರಯೋಗ ಬ್ರಿಟನ್ನಿಗಿಂತ ನಾಲ್ಕು ದಶಕ ಮೊದಲೇ ಆರಂಭವಾಗಿತ್ತೆಂಬುದನ್ನು ಅನೇಕರು ಮರೆತಿದ್ದಾರೆ. 1958ರಲ್ಲಿ ನಾಗಪುರವನ್ನು ಕೇಂದ್ರವಾಗಿ ಮಾಡಿಕೊಂಡು ಕೆಲಸ ತೊಡಗಿದ ಕೇಂದ್ರೀಯ ಕಾರ್ಮಿಕ ಶಿಕ್ಷಣ ಮಂಡಲಿಯು ಶಿಕ್ಷಣಾಧಿಕಾರಿಗಳ ಮೂಲಕ ಆಯ್ದ ಕಾರ್ಮಿಕರನ್ನು ತರಬೇತುಗೊಳಿಸಿ, ಅವರು ತಮ್ಮ ಕಾರ್ಖಾನೆಗಳಿಗೆ ಮರಳಿ ಸಂಗಾತಿಗಳಿಗೆ ತರಗತಿಗಳನ್ನು ನಡೆಸುವಂತೆ ಏರ್ಪಡಿಸಿತು. ಕಾರ್ಮಿಕ ಶಿಕ್ಷಕನೆಂದು ಅವನಿಗೆ ಹೆಸರಿಟ್ಟರು. ಅವನು ಪಾಠ ಹೇಳುವವನು, ಬ್ರಿಟನ್ನಿನ ಪ್ರತಿನಿಧಿ ಪಾಠಕ್ಕೆ ಕರೆದೊಯ್ಯುವವನು. ಇವನ ವಿಷಯಗಳು ಸಂಘಟನೆ, ಕಾರ್ಮಿಕ ಕಾನೂನು, ಉತ್ಪಾದನೆ ಮೊದಲಾದುವು, ಅಲ್ಲಿಯವನ ವಿಷಯ ಎದುರಿಗಿರುವವನಿಗೆ ಬೇಕಾದುದು.

ಬಸ್ಸಿನ ವಿಷಯಕ್ಕೆ ಬಂದರೆ, ಸಾರಿಗೆ ವಾಹನದ ಚಾಲಕನು ಎಂಟನೆಯ ತರಗತಿ ತೇರ್ಗಡೆಯಾಗಿರಬೇಕೆಂದಿದ್ದ ನಿಯಮವನ್ನು ಕೇಂದ್ರ ಸರ್ಕಾರ 2019ರಲ್ಲಿ ತೆಗೆದುಹಾಕಿತು. ಶಾಲೆ ಬಿಟ್ಟವರಿಗೂ ಉದ್ಯೋಗ ದೊರೆಯಲೆಂಬುದು ಅದರ ಉದ್ದೇಶ. ಶಾಲೆ ತಪ್ಪಿದವನ ಕಲಿಕೆಯ ಹೊಣೆ ಇದರಿಂದ ಕೆಲಸದ ಸ್ಥಳಕ್ಕೆ ವರ್ಗವಾದಂತಾಯಿತು. ಗಂಟೆಗಳ ಪ್ರಶ್ನೆ ಇಲ್ಲಿಯೂ ಇದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8 ಗಂಟೆಗಳ ಕೆಲಸವನ್ನು ವಿಧಿಸಿ, ಅದು ವಿರಾಮಗಳೂ ಸೇರಿ 12 ಗಂಟೆಗಳ ಹರವನ್ನು ಮೀರಬಾರದೆಂದೂ, ದಿನದ ಕೆಲಸವನ್ನು ಎರಡಕ್ಕಿಂತ ಹೆಚ್ಚು ತುಂಡುಗಳಾಗಿ ಒಡೆಯಬಾರದೆಂದೂ ಹೇಳಿತು. ಸಂಸತ್ತು 2020ರಲ್ಲಿ ಅಂಗೀಕರಿಸಿದ ಸಂಹಿತೆಯೊಂದರಲ್ಲಿ ಈ ಕಾಯಿದೆಯನ್ನು ವಿಲೀನಗೊಳಿಸಲಾಗಿದೆ. ಎಂಟಕ್ಕೂ ಹನ್ನೆರಡಕ್ಕೂ ನಡುವೆ ನಾಲ್ಕು ಗಂಟೆಗಳಿವೆ. ಈ ನಾಲ್ಕು ಗಂಟೆಗಳನ್ನು ನಮ್ಮ ಚಾಲಕ ನಿರ್ವಾಹಕರು ನಿಜವಾಗಿ ಎಲ್ಲಿ, ಹೇಗೆ ಕಳೆಯುತ್ತಾರೆ, ಅವುಗಳಲ್ಲಿ ಎಷ್ಟು ಡಿಪೋದಲ್ಲಿಯೇ ಉರುಳುತ್ತವೆ ಎಂಬುದನ್ನು ಯಾವುದಾದರೊಂದು ಡಿಪೋದ ಒಂದು ತಿಂಗಳಿನ ಪಾಳಿಯ ಪಟ್ಟಿಯನ್ನು ಮುಂದಿಟ್ಟುಕೊಂಡು, ಅಲ್ಲಿಯ ಕಾರ್ಮಿಕರನ್ನು ಕೇಳಿ ಲೆಕ್ಕ ಹಾಕಬಹುದು. ಎಂ. ಎ. ತರಗತಿಯ ಪ್ರಬಂಧಕ್ಕೆ ವಿಷಯವನ್ನು ಹುಡುಕುತ್ತಿರುವ ವಿದ್ಯಾರ್ಥಿಗಳಿಗೆ ಈ ಕೆಲಸವನ್ನು ಸೂಚಿಸುತ್ತೇವೆ.